ಎಲೆ ತಿರುಗಿಸಿ ನೋಡಿ, ಬಾಂಜ್ ಮರ ಸಿಗುತ್ತೆ

ಬೆಂಗಳೂರಿಂದ ಉತ್ತರಾಖಂಡಕ್ಕೆ ಟ್ರೆಕ್ಕಿಂಗ್ ಹೋಗೋರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಅಲ್ಲಿನ ದಾರಿಬದಿಯ ಒಂದು ಮರದ ಬಗ್ಗೆ ಇವತ್ತಿನ ಎಪಿಸೋಡ್. ಹೆಸರು ಬಾಂಜ್, ಹಿಮಾಲಯದ ಓಕ್ ಮರ.

ಓಕ್ ಅಂದ್ರೆ ಚಳಿಗಾಲದಲ್ಲಿ ಬೋಳಾಗಿ ನಿಲ್ಲೋ ಮರ ಅಂತ ಇಂಗ್ಲಿಷ್ ಸಿನಿಮಾ ನೋಡಿ ಅಂದ್ಕೊಂಡಿರ್ತೀವಿ. ಬಾಂಜ್ ಹಾಗಲ್ಲ, ವರ್ಷವಿಡೀ ಹಸಿರು. ವಸಂತದಲ್ಲಿ ಹಳೆ ಎಲೆ ಉದುರೋ ಹೊತ್ತಿಗೇ ಹೊಸ ಚಿಗುರು ಬರುತ್ತೆ.

ಗುರುತು ಹಿಡಿಯೋದು ಹೇಗೆ? ಎಲೆಯ ಅಂಚು ನೋಡಿ, ಗರಗಸದ ಹಲ್ಲಿನ ಹಾಗಿರುತ್ತೆ. ಮೇಲ್ಭಾಗ ಕಡುಹಸಿರು. ಈಗ ಎಲೆ ತಿರುಗಿಸಿ: ಅಡಿಭಾಗದಲ್ಲಿ ಬೂದಿ ಬಳಿದಂಥ ಬಿಳಿ, ಸಣ್ಣ ಸಣ್ಣ ರೋಮ. ಇದರ ವೈಜ್ಞಾನಿಕ ಹೆಸರು ಕ್ವೆರ್ಕಸ್ ಲ್ಯೂಕೋಟ್ರೈಕೋಫೋರಾ. ಅರ್ಥವೇ 'ಬಿಳಿ ರೋಮ ಹೊತ್ತದ್ದು'. ಎರಡೂ ಕಡೆ ನುಣ್ಣಗೆ ಹಸಿರಾಗಿದ್ರೆ ಅದು ಮೋರು ಅನ್ನೋ ಇನ್ನೊಂದು ಓಕ್. ಇನ್ನೂ ಎತ್ತರಕ್ಕೆ ಹತ್ತಿದ್ರೆ ಖರ್ಸು ಸಿಗುತ್ತೆ.

ಚೆನ್ನಾಗಿ ಬೆಳೆದ ಬಾಂಜ್ 25 ಮೀಟರ್ ಮುಟ್ಟುತ್ತೆ. ಆದರೆ ಊರಿನ ಹತ್ತಿರ ಇರೋವು ಎಷ್ಟೋ ಸಲ ಕುಳ್ಳಗೆ, ಗಂಟುಗಂಟಾಗಿ ಕಾಣ್ತವೆ. ಕಾರಣ, ಅದರ ಸೊಪ್ಪೇ ದನಗಳಿಗೆ ಮೇವು, ಕೊಂಬೆಯೇ ಸೌದೆ. ಹೆಂಗಸರು ಕತ್ತಿ ಹಿಡಿದು ಮರ ಹತ್ತಿ ಸೊಪ್ಪು ಕಡೀತಾರೆ. ಕಡಿದಲ್ಲಿ ಮತ್ತೆ ಚಿಗುರುತ್ತೆ ನಿಜ, ಆದರೆ ಪದೇ ಪದೇ ಕಡಿದ ಮರ ಕಾಯಿ ಬಿಡೋದು ಕಮ್ಮಿ. ಕಾಯಿ ಇಲ್ಲದಿದ್ರೆ ಸಸಿ ಎಲ್ಲಿಂದ ಬರಬೇಕು?

ಹಾಗಾದ್ರೆ ಬೀಜ ಕೂಡಿಟ್ಟು ಬೇಕಾದಾಗ ಬಿತ್ತೋಣ ಅಂತೀರಾ? ನಾನು ಓದಿದ್ದು ಬಿಕಾಂ, ನನ್ನ ಭಾಷೇಲೇ ಹೇಳ್ತೀನಿ: ಇದು ಫಿಕ್ಸೆಡ್ ಡೆಪಾಸಿಟ್ ಅಲ್ಲ. ಟೋಪಿ ಹಾಕಿದಂತಿರೋ ಆ ಕಾಯಿ ಮಾಗೋಕೆ ಎರಡನೇ ವರ್ಷ ಬೇಕು, ಆದರೆ ಉದುರಿದ ಮೇಲೆ ಒಣಗಿದ್ರೆ ಸತ್ತೇಹೋಗುತ್ತೆ. ಆದ್ದರಿಂದ ತಾಜಾ ಕಾಯಿ ಆರಿಸಿ ನೀರಿಗೆ ಹಾಕಬೇಕು. ತೇಲಿದ್ದರಲ್ಲಿ ಹುಳ ಹೊಕ್ಕಿರೋದೇ ಹೆಚ್ಚು, ಮುಳುಗಿದ್ದನ್ನ ತಡಮಾಡದೆ ಬಿತ್ತಬೇಕು. ಮೊದಲು ಬೇರು ನೇರ ಕೆಳಗಿಳಿಯುತ್ತೆ, ಹಾಗಾಗಿ ಪಾಕೆಟ್ ಆಳ ಇರಲಿ. ಎಳೆ ಸಸಿಗೆ ಸ್ವಲ್ಪ ನೆರಳು, ದನ-ಮೇಕೆ ಬಾಯಿ ಹಾಕದಂತೆ ಬೇಲಿ ಬೇಕು. ಬೆಳವಣಿಗೆ ನಿಧಾನ, ತಾಳ್ಮೆ ಇರಬೇಕು.

ದೊಡ್ಡ ಮರಗಳು ನಿಂತಿವೆ ಅಂದಮಾತ್ರಕ್ಕೆ ಕಾಡು ಉಳಿದಿದೆ ಅಂತಲ್ಲ. ಮುಂದಿನ ಸಲ ಹೋದಾಗ ಬುಡದಲ್ಲಿ ಮರಿಸಸಿ ಇದೆಯಾ ನೋಡಿ. ನೆನಪಿಗೆ ಅಂತ ಕಾಯಿ ಜೇಬಿಗೆ ಹಾಕ್ಕೋಬೇಡಿ. ನಿಮ್ಮ ಮನೆ ಶೋಕೇಸಲ್ಲಿ ಅದು ಒಣಗಿ ಹೋಗುತ್ತೆ, ಅಲ್ಲೇ ಇದ್ರೆ ಮರ ಆದೀತು.

ಮುಂದಿನ ಎಪಿಸೋಡಲ್ಲಿ ಸಿಗೋಣ.