ಬೇಸಿಗೆಯಲ್ಲಿ ಕೋಳಿಗಳ ಕರುಳಿನ ರಕ್ಷಣೆಗೆ ಬೀಟೇನ್

ವಿಜಯಪುರ ನಗರದ ಸುತ್ತಮುತ್ತ, ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳಲ್ಲಿ ಏಪ್ರಿಲ್-ಮೇ ತಿಂಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಡೋಣಿ ನದಿಯ ದಂಡೆಯಲ್ಲಿ ಸವಳು ನೀರಿನ ತೊಂದರೆಯೂ ಇದೆ. ಇವೆರಡರ ಪೆಟ್ಟು ಕೋಳಿಯ ಕರುಳಿನ ಮೇಲೂ ಬೀಳುತ್ತದೆ. ಮಾಂಸದ ಕೋಳಿಗಳು ಮಾರಾಟದ ತೂಕಕ್ಕೆ ಬಂದಾಗ ಸತ್ತರೆ ಅಲ್ಲಿಯವರೆಗೆ ಮಾಡಿದ ಆಹಾರದ ಖರ್ಚೆಲ್ಲ ವ್ಯರ್ಥವಾಗುತ್ತದೆ.

ಬಿಸಿಲಿನಿಂದಾಗುವ ಹಾನಿ

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುತ್ತ ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ಆಗ ರಕ್ತವು ಚರ್ಮದ ಕಡೆಗೆ ಹೆಚ್ಚಾಗಿ ಹರಿದು ಕರುಳಿಗೆ ಕಡಿಮೆಯಾಗುತ್ತದೆ. ಕರುಳಿನ ಒಳಪೊರೆ ದುರ್ಬಲಗೊಂಡು ರೋಗಾಣುಗಳ ವಿಷ ರಕ್ತಕ್ಕೆ ಸೇರಬಹುದು. ಹಿಕ್ಕೆ ನೀರಾಗಿ ಹಾಸು ತೊಯ್ಯುತ್ತದೆ. ತೇವವಾದ ಹಾಸು ರಕ್ತಭೇದಿ ಉಂಟುಮಾಡುವ ಕಾಕ್ಸಿಡಿಯಾ ಜೀವಿಗಳಿಗೆ ಅನುಕೂಲ.

ಬೀಟೇನ್ ಕೆಲಸ ಮಾಡುವ ಬಗೆ

19ನೇ ಶತಮಾನದಲ್ಲಿ ಸಕ್ಕರೆ ಬೀಟ್ ಗೆಡ್ಡೆಯ ರಸದಲ್ಲಿ ಕಂಡುಬಂದುದರಿಂದ ಇದಕ್ಕೆ ಬೀಟೇನ್ ಎಂದು ಹೆಸರಾಯಿತು. ಇದರ ಕೆಲಸ ಎರಡು ವಿಧ. ಮೊದಲನೆಯದು, ಜೀವಕೋಶದೊಳಗೆ ನೀರನ್ನು ಹಿಡಿದಿಡುವುದು. ಬಿಸಿಲು, ಉಪ್ಪು ಅಥವಾ ಭೇದಿಯಿಂದ ಹೊರಗಿನ ನೀರು-ಲವಣಗಳ ಸಮತೋಲ ಕೆಟ್ಟರೂ ಕರುಳಿನ ಕೋಶಗಳು ಬಾಡದಂತೆ ನೆರವಾಗುತ್ತದೆ. ಎರಡನೆಯದು, ಯಕೃತ್ತಿನಲ್ಲಿ ಮಿಥೈಲ್ ಅಂಶವನ್ನು ಒದಗಿಸಿ ಹೋಮೋಸಿಸ್ಟೀನನ್ನು ಮೆಥಿಯೋನಿನ್ ಆಗಿ ಮಾರ್ಪಡಿಸುವುದು. ಇದರಿಂದ ಮೆಥಿಯೋನಿನ್ ಮತ್ತು ಕೋಲೀನ್‌ಗಳಲ್ಲಿ ಸ್ವಲ್ಪ ಭಾಗ ಉಳಿತಾಯವಾಗುತ್ತದೆ. ಆದರೆ ಮಾಂಸ ಹಾಗೂ ಗರಿಗಳ ಬೆಳವಣಿಗೆಗೆ ಮೆಥಿಯೋನಿನ್ ಬೇಕೇ ಬೇಕು. ಅದನ್ನು ಪೂರ್ತಿ ಕೈಬಿಡಬಾರದು.

ಕಾಕಂಬಿಯಿಂದ ಸಿಗುವುದೇ?

ಬೀಟ್ ಕಾಕಂಬಿಯಲ್ಲಿ ಬೀಟೇನ್ ಹೇರಳವಾಗಿದೆ. ನಮ್ಮ ಕಾರ್ಖಾನೆಗಳಲ್ಲಿ ಸಿಗುವ ಕಬ್ಬಿನ ಕಾಕಂಬಿಯಲ್ಲಿ ಅದು ಅತ್ಯಲ್ಪ. ಆದುದರಿಂದ ಬೀಟೇನ್‌ಗೆಂದು ಕಬ್ಬಿನ ಕಾಕಂಬಿ ತಿನ್ನಿಸುವುದರಿಂದ ಪ್ರಯೋಜನವಿಲ್ಲ. ಗೋಧಿ ಬೂಸಾದಲ್ಲಿ ಸಾಕಷ್ಟಿದೆ, ಗೋವಿನಜೋಳದಲ್ಲಿ ಕಡಿಮೆ.

ಬಳಕೆಯ ಕ್ರಮ

1. ಒಂದು ಟನ್ ಆಹಾರಕ್ಕೆ 1ರಿಂದ 2 ಕಿ.ಗ್ರಾಂ, ಅಂದರೆ 100 ಕಿ.ಗ್ರಾಂ ಆಹಾರಕ್ಕೆ 100ರಿಂದ 200 ಗ್ರಾಂ ಬೀಟೇನ್ ಸಾಕು. ಪೊಟ್ಟಣದ ಮೇಲಿನ ಶುದ್ಧತೆಯ ಪ್ರಮಾಣವನ್ನು ನೋಡಿಕೊಳ್ಳಬೇಕು.
2. ಮೊದಲು 2-3 ಕಿ.ಗ್ರಾಂ ಆಹಾರದಲ್ಲಿ ಚೆನ್ನಾಗಿ ಕಲಸಿ, ನಂತರ ಉಳಿದ ಆಹಾರಕ್ಕೆ ಬೆರೆಸಬೇಕು.
3. ಬಿಸಿಲು ಏರುವ ಮೊದಲೇ ಪ್ರಾರಂಭಿಸಬೇಕು.
4. ಕಂಪನಿಯ ಆಹಾರ ಬಳಸುವ ಗುತ್ತಿಗೆ ಸಾಕಾಣಿಕೆದಾರರು ಅದರಲ್ಲಿ ಬೀಟೇನ್ ಈಗಾಗಲೇ ಸೇರಿದೆಯೇ ಎಂದು ಕೇಳಿ ತಿಳಿಯಬೇಕು.

ಆಕಳು, ಎಮ್ಮೆ, ಆಡು, ಕುರಿಗಳ ಮಾತು ಬೇರೆ. ಇವುಗಳ ಮೆಲುಕು ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸಾದಾ ಬೀಟೇನಿನ ಬಹುಭಾಗವನ್ನು ಒಡೆದುಬಿಡುತ್ತವೆ. ಆದ್ದರಿಂದ ಕೋಳಿಯ ಲೆಕ್ಕವನ್ನು ದನಕರುಗಳಿಗೆ ಅನ್ವಯಿಸಬಾರದು.

ಗಮನಿಸಿ

ಬೀಟೇನ್ ಔಷಧಿಯಲ್ಲ, ರಕ್ತಭೇದಿಯನ್ನು ವಾಸಿಮಾಡುವುದಿಲ್ಲ. ಹಿಕ್ಕೆಯಲ್ಲಿ ರಕ್ತ ಕಂಡೊಡನೆ ಪಶುವೈದ್ಯರನ್ನು ಕಾಣಬೇಕು. ನೆರಳು, ಗಾಳಿಯಾಡುವ ಮನೆ, ತಂಪಾದ ಸಿಹಿ ನೀರು, ಒಣ ಹಾಸು ಇವು ಮೊದಲು. ಮಧ್ಯಾಹ್ನ ಆಹಾರ ನಿಲ್ಲಿಸಿ ಬೆಳಗು-ಸಂಜೆ ತಂಪು ಹೊತ್ತಿನಲ್ಲಿ ಕೊಡುವುದು ಖರ್ಚಿಲ್ಲದ ಉಪಾಯ. ಇಷ್ಟನ್ನು ಮಾಡಿದ ಮೇಲೆ ಬೀಟೇನ್‌ಗೆ ಹಾಕಿದ ಹಣ ಫಲ ಕೊಡುತ್ತದೆ.