ಚರಂಡಿಯ ಟೆಂಡರೂ ಪುರಸಭೆಯ ಸಭೆಯೂ

ಚರಂಡಿ ಕಟ್ಟಿಸುವುದಿರಲಿ, ಬೀದಿದೀಪ ಅಥವಾ ಬ್ಲೀಚಿಂಗ್ ಪುಡಿ ಕೊಳ್ಳುವುದಿರಲಿ, ಕರ್ನಾಟಕದ ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳು ಮಾಡುವ ಖರ್ಚಿಗೆ ಎರಡು ಬಗೆಯ ಕಾನೂನುಗಳ ಕಡಿವಾಣವಿದೆ. ಖರ್ಚು ಮಾಡಬೇಕೇ ಬೇಡವೇ ಎಂಬುದು ಚುನಾಯಿತ ಸದಸ್ಯರ ಸಭೆಗೆ ಬಿಟ್ಟ ವಿಷಯ. ಚಿಕ್ಕ ಊರುಗಳಲ್ಲಿ ಆ ಸಭೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರಕಾರ ನಡೆಯುತ್ತದೆ, ಬೆಂಗಳೂರು ಬಿಟ್ಟು ಉಳಿದ ದೊಡ್ಡ ನಗರಗಳಲ್ಲಿ 1976ರ ಮಹಾನಗರ ಪಾಲಿಕೆಗಳ ಅಧಿನಿಯಮದ ಪ್ರಕಾರ. ಯಾರಿಂದ, ಯಾವ ದರಕ್ಕೆ ಎಂಬುದನ್ನು ತೀರ್ಮಾನಿಸುವುದು ಟೆಂಡರ್. ಅದರ ಕಾನೂನು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. 2000ದ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎಂದೇ ಕರೆಯುತ್ತಾರೆ.

ಕಾಮಗಾರಿಯ ಕಥೆ ಟೆಂಡರಿಗಿಂತ ಬಹಳ ಮೊದಲೇ, ಅಂದಾಜು ಪಟ್ಟಿಯಿಂದ ಶುರುವಾಗುತ್ತದೆ. ಕಿರಿಯ ಇಂಜಿನಿಯರ್ ಸ್ಥಳಕ್ಕೆ ಹೋಗಿ ಅಳತೆ ತೆಗೆಯುತ್ತಾರೆ. ಎಷ್ಟು ಘನ ಮೀಟರ್ ಮಣ್ಣು ಅಗೆಯಬೇಕು, ಎಷ್ಟು ಕಾಂಕ್ರೀಟ್ ಹಾಕಬೇಕು, ಎಷ್ಟು ಕಬ್ಬಿಣ ಬೇಕು ಎಂದು ಲೆಕ್ಕ ಹಾಕಿ, ಲೋಕೋಪಯೋಗಿ ಇಲಾಖೆಯ ಎಸ್.ಆರ್. ದರಪಟ್ಟಿಯಂತೆ ಒಟ್ಟು ಮೊತ್ತ ಕಟ್ಟುತ್ತಾರೆ. ಇದಕ್ಕೆ ಮೇಲಿನ ಇಂಜಿನಿಯರ್ ಕೊಡುವುದು ತಾಂತ್ರಿಕ ಮಂಜೂರಾತಿ. ಹಣ ಖರ್ಚು ಮಾಡಲು ಸಭೆ ಅಥವಾ ಸರ್ಕಾರ ಕೊಡುವುದು ಆಡಳಿತಾತ್ಮಕ ಅನುಮೋದನೆ. ಅಂದಾಜಿನಲ್ಲೇ ಪ್ರಮಾಣ ಉಬ್ಬಿದ್ದರೆ ಮುಂದೆ ಟೆಂಡರ್ ಎಷ್ಟೇ ಪ್ರಾಮಾಣಿಕವಾಗಿ ನಡೆದರೂ ಆ ಉಬ್ಬು ಇಳಿಯುವುದಿಲ್ಲ. ಈ ಹಂತದ ಬಗ್ಗೆ ಊರಿನಲ್ಲಿ ಚರ್ಚೆಯಾಗುವುದೇ ಅಪರೂಪ. ಟೆಂಡರ್ ಯಾರಿಗಾಯಿತು ಎಂಬುದರ ಮೇಲಷ್ಟೇ ಎಲ್ಲರ ಕಣ್ಣು.

ಸದಸ್ಯರ ಸಾಮಾನ್ಯ ಸಭೆ ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮುಂಚಿತವಾಗಿ ನೋಟಿಸ್ ಕೊಡಬೇಕು, ಯಾವ ವಿಷಯ ಚರ್ಚೆಗೆ ಬರುತ್ತದೆ ಎಂಬ ಕಾರ್ಯಸೂಚಿ ಅದರಲ್ಲಿರಬೇಕು. ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು, ಜಮಾ-ಖರ್ಚು ಒಪ್ಪುವುದು ಮುಗಿದ ಮೇಲೆ ಕಾಮಗಾರಿ, ಖರೀದಿಯ ವಿಷಯಗಳು ಬರುತ್ತವೆ. ಪಾಲಿಕೆಗಳಲ್ಲಿ ಇಷ್ಟು ಮೊತ್ತದವರೆಗೆ ಆಯುಕ್ತರು, ಅದರ ಮೇಲೆ ಸ್ಥಾಯಿ ಸಮಿತಿ, ಇನ್ನೂ ಮೇಲಾದರೆ ಪಾಲಿಕೆಯ ಸಭೆ, ಕೊನೆಗೆ ಸರ್ಕಾರ ಎಂದು ಅಧಿಕಾರ ಹಂಚಿಕೆಯಾಗಿದೆ.

ಕಾರ್ಯಸೂಚಿ ಓದುವವರು ಗಮನಿಸಬೇಕಾದ ಎರಡು ಮಾತುಗಳಿವೆ. ಒಂದು, ಪಟ್ಟಿಯ ಕೊನೆಯಲ್ಲಿ ಬರುವ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಮುಂಚೆ ತಿಳಿಸದ, ಸದಸ್ಯರು ಕಡತ ನೋಡಿರದ ವಿಷಯಗಳು ನುಸುಳುವುದು ಇಲ್ಲಿಂದಲೇ. ಆ ಹೊತ್ತಿಗೆ ಅರ್ಧ ಸದಸ್ಯರು ಎದ್ದು ಹೋಗಿರುತ್ತಾರೆ. ಇನ್ನೊಂದು ‘ಘಟನೋತ್ತರ ಮಂಜೂರಾತಿ’. ಖರ್ಚು ಆಗಿಹೋಗಿದೆ, ಈಗ ಒಪ್ಪಿಗೆ ಕೊಡಿ ಎಂಬುದು ಇದರ ಅರ್ಥ. ಮಳೆಗಾಲದಲ್ಲಿ ಒಡೆದ ಕುಡಿಯುವ ನೀರಿನ ಪೈಪನ್ನು ಮುಂದಿನ ತಿಂಗಳ ಸಭೆಯವರೆಗೆ ಕಾಯಿಸಲಾಗದು, ನಿಜ. ಆದರೆ ಇದೇ ದಾರಿಯಲ್ಲಿ ಕುರ್ಚಿ, ಮೇಜು, ಫ್ಲೆಕ್ಸುಗಳೂ ಬಂದರೆ ಸಭೆಗೆ ಉಳಿಯುವುದು ಮೊಹರು ಒತ್ತುವ ಕೆಲಸ ಮಾತ್ರ. ಪಾಲಿಕೆಯ ಗುತ್ತಿಗೆಯಲ್ಲಿ ತಾನೇ ಅಥವಾ ಬೇರೆಯವರ ಹೆಸರಿನಲ್ಲಿ ಪಾಲು ಹೊಂದಿದ ಸದಸ್ಯ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು ಎಂದು ಎರಡೂ ಅಧಿನಿಯಮಗಳು ಹೇಳುತ್ತವೆ. ಹೆಂಡತಿಯ ತಮ್ಮನ ಲೈಸೆನ್ಸು ಉಪಯೋಗಕ್ಕೆ ಬರುವುದು ಇಂಥಲ್ಲೇ ಎಂಬುದು ಊರಿಗೆಲ್ಲ ಗೊತ್ತಿರುವ ಮಾತು.

ಅನುಮೋದನೆ ಸಿಕ್ಕಮೇಲೆ ಟೆಂಡರ್ ಪ್ರಕಟಣೆ. ಕೆಟಿಪಿಪಿ ಬಂದ ಮೇಲೆ ಜಿಲ್ಲಾ ಮತ್ತು ರಾಜ್ಯ ಮಟ್ಟದ ಟೆಂಡರ್ ಬುಲೆಟಿನ್‌ಗಳು ಬಂದವು. ಈಗ ಬಹುಪಾಲು ವ್ಯವಹಾರ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ನಡೆಯುತ್ತದೆ. ಟೆಂಡರ್ ಪೆಟ್ಟಿಗೆಯ ಮುಂದೆ ಆಳುಗಳನ್ನು ನಿಲ್ಲಿಸಿ ಬೇರೆಯವರು ಅರ್ಜಿ ಹಾಕದಂತೆ ತಡೆಯುವ ಹಳೆಯ ದಾಂಡಿಗತನಕ್ಕೆ ಇ-ಸಂಗ್ರಹಣೆ ಕೊನೆ ಹಾಡಿತು. ಹೊಸ ಬಗೆಯ ಕಳ್ಳತನಕ್ಕೂ ಅದು ಅವಕಾಶ ಕೊಟ್ಟಿತೆನ್ನಿ: 2019ರಲ್ಲಿ ರಾಜ್ಯದ ಇ-ಸಂಗ್ರಹಣಾ ವ್ಯವಸ್ಥೆಗೆ ಕನ್ನ ಹಾಕಿ, ಗುತ್ತಿಗೆದಾರರು ಬಿಡ್ ಜೊತೆ ಇಟ್ಟಿದ್ದ ಮುಂಗಡ ಠೇವಣಿಯಲ್ಲಿ, ಅಂದರೆ ಇ.ಎಂ.ಡಿ.ಯಲ್ಲಿ, 11 ಕೋಟಿ ರೂಪಾಯಿಗೂ ಹೆಚ್ಚು ಹಣ ದೋಚಲಾಯಿತು.

ಬಿಡ್ ಹಾಕಲು ಎಷ್ಟು ದಿನ ಕೊಡಬೇಕೆಂಬುದೂ ನಿಯಮದ ವಿಷಯವೇ. 2000ದ ನಿಯಮಗಳು ಮೊದಲಿಗೆ ಇಟ್ಟ ಅವಧಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ 30 ದಿನ, ಮೀರಿದ್ದಕ್ಕೆ 60 ದಿನ. ಅವಧಿ ಕಡಿಮೆ ಮಾಡಬೇಕಾದರೆ ಮೇಲಧಿಕಾರಿ ಕಾರಣ ಬರೆದು ಒಪ್ಪಬೇಕು. ಹೀಗೆ ಕರೆಯುವುದೇ ಅಲ್ಪಾವಧಿ ಟೆಂಡರ್. ಆರ್ಥಿಕ ವರ್ಷದ ಕೊನೆ ಹತ್ತಿರವಾದಂತೆ ಇವು ಹೆಚ್ಚುವುದನ್ನು ಪತ್ರಿಕೆಗಳ ಜಾಹೀರಾತು ಪುಟ ನೋಡುವವರೆಲ್ಲ ಬಲ್ಲರು. ದಿನ ಕಡಿಮೆಯಾದಷ್ಟೂ, ಸುದ್ದಿ ಮೊದಲೇ ತಿಳಿದವರಿಗೆ ಅನುಕೂಲ.

ದೊಡ್ಡ ಕೆಲಸಗಳಿಗೆ ಎರಡು ಲಕೋಟೆ ಪದ್ಧತಿ ಇದೆ. ಅನುಭವ, ವಹಿವಾಟು, ಯಂತ್ರಗಳ ವಿವರವಿರುವ ತಾಂತ್ರಿಕ ಬಿಡ್ ಮೊದಲು ತೆರೆಯುತ್ತದೆ. ಅದರಲ್ಲಿ ಗೆದ್ದವರ ದರದ ಬಿಡ್ ಮಾತ್ರ ಆಮೇಲೆ ತೆರೆಯುತ್ತದೆ. ಎಲ್ಲರಿಗಿಂತ ಕಡಿಮೆ ದರ ನಮೂದಿಸಿದವರೇ ಎಲ್-1. ಪೈಪೋಟಿ ಸಾಯುವುದು ಹೆಚ್ಚಾಗಿ ತಾಂತ್ರಿಕ ಹಂತದಲ್ಲಿ. ಒಬ್ಬರಿಗೆ ಮಾತ್ರ ಹೊಂದುವ ಅನುಭವದ ಷರತ್ತು, ಒಂದೇ ಕಂಪನಿಯ ಮಾಡೆಲ್‌ನ ವಿವರಣೆ ಟೆಂಡರ್ ದಾಖಲೆಯಲ್ಲಿ ಸೇರಿದರೆ ಉಳಿದವರು ಹೊಸಿಲಲ್ಲೇ ನಿಲ್ಲುತ್ತಾರೆ.

ಕಡಿಮೆ ದರ ಎಂಬುದರಲ್ಲೂ ಒಂದು ಚಮತ್ಕಾರವಿದೆ. ಬಿಡ್ ಹಾಕುವವರು ಪ್ರತಿ ಐಟಂಗೂ ಬೇರೆ ದರ ಬರೆಯುತ್ತಾರೆ. ಉದಾಹರಣೆಗೆ, ಅಂದಾಜಿನಲ್ಲಿ 100 ಘನ ಮೀಟರ್ ಬಂಡೆ ಒಡೆಯುವ ಕೆಲಸ, 1,000 ಘನ ಮೀಟರ್ ಮಣ್ಣು ಅಗೆಯುವ ಕೆಲಸ ಇದೆಯೆನ್ನಿ. ನೆಲದಡಿ ಬಂಡೆಯೇ ಹೆಚ್ಚು ಎಂದು ತಿಳಿದವನು ಬಂಡೆಗೆ ದುಬಾರಿ ದರ, ಮಣ್ಣಿಗೆ ತೀರಾ ಅಗ್ಗದ ದರ ಬರೆಯುತ್ತಾನೆ. ಕಾಗದದ ಮೇಲೆ ಅವನೇ ಎಲ್-1. ಕೆಲಸ ನಡೆಯುವಾಗ ಬಂಡೆಯ ಪ್ರಮಾಣ ಮೂರು ಪಟ್ಟಾಗುತ್ತದೆ, ಬಿಲ್ಲು ಎರಡನೇ ಬಿಡ್‌ದಾರನ ಮೊತ್ತವನ್ನೂ ಮೀರುತ್ತದೆ. ಈ ಹೆಚ್ಚುವರಿ ಪ್ರಮಾಣಕ್ಕೆ ಒಪ್ಪಿಗೆ ಕೇಳಿ ಕಡತ ಬಂದಾಗ ಅದನ್ನು ಗಮನವಿಟ್ಟು ಓದುವ ಒಬ್ಬ ಸದಸ್ಯನಿದ್ದರೂ ಸಾಕು, ಊರಿನ ಹಣ ಉಳಿಯುತ್ತದೆ.

ಎಲ್ಲ ಖರ್ಚೂ ಟೆಂಡರಿಗೆ ಬರುವುದಿಲ್ಲ. ನಿಗದಿತ ಮಿತಿಗಿಂತ ಚಿಕ್ಕ ಮೊತ್ತ, ಪ್ರಕೃತಿ ವಿಕೋಪ, ತುರ್ತು ಸಂದರ್ಭಗಳಿಗೆ ಕೆಟಿಪಿಪಿಯ 4ನೇ ಪ್ರಕರಣ ವಿನಾಯಿತಿ ಕೊಡುತ್ತದೆ. ಅದರ 4(ಜಿ) ಉಪಖಂಡದಡಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ಯಾವುದೇ ಕೆಲಸವನ್ನು ಟೆಂಡರಿನಿಂದ ಹೊರಗಿಡಬಹುದು. ಕಾನೂನಿನ ಅತಿ ಸಡಿಲ ಗಂಟು ಇದೇ. ಮಿತಿಯೊಳಗೆ ತರಲು ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ ತುಂಡು ಗುತ್ತಿಗೆ ಕೊಡುವುದು ಇನ್ನೊಂದು ಹಳೆಯ ಉಪಾಯ. ಇವಲ್ಲದೆ, ಸಾಮಾಜಿಕ ನ್ಯಾಯದ ದೃಷ್ಟಿಯಿಂದ ನಿಗದಿತ ಮೊತ್ತದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಿದೆ.

ಟೆಂಡರ್ ತಿರಸ್ಕೃತವಾದವರು 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಇಲ್ಲದಿದ್ದರೆ ಗೆದ್ದವರಿಗೆ ಕಾರ್ಯಾದೇಶ ಹೋಗುತ್ತದೆ, ಭದ್ರತಾ ಠೇವಣಿ ಕಟ್ಟಿಸಿಕೊಂಡು ಕೆಲಸ ಶುರುವಾಗುತ್ತದೆ. ಆದ ಕೆಲಸದ ಅಳತೆಯನ್ನು ಇಂಜಿನಿಯರ್ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ದಾಖಲಿಸಿದ ಮೇಲೆಯೇ ಬಿಲ್ಲು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇ 40 ಕಮಿಷನ್ ಆರೋಪ ಮಾಡಿದಾಗ ರಾಜಕೀಯ ಗದ್ದಲವೆದ್ದಿತು. ಆ ಪ್ರಮಾಣ ನಿಜವೋ ಸುಳ್ಳೋ, ಕಮಿಷನ್ ಕೊಟ್ಟವನು ಅದನ್ನು ಮರಳಿ ಪಡೆಯುವುದು ಸಿಮೆಂಟಿನಲ್ಲಿ, ಡಾಂಬರಿನ ದಪ್ಪದಲ್ಲಿ. ಅದು ದಾಖಲಾಗುವ, ಅಥವಾ ದಾಖಲಾಗದೆ ಹೋಗುವ, ಜಾಗ ಎಂ.ಬಿ.

ಸದಸ್ಯರ ಸಭೆಯೇ ಇಲ್ಲದಿದ್ದರೆ ಈ ಸರಪಳಿಯ ಅರ್ಧ ಕೊಂಡಿಗಳು ಕಳಚುತ್ತವೆ. ಬೆಂಗಳೂರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗದಲ್ಲಿ ಐದು ಪಾಲಿಕೆಗಳು ಬರುವವರೆಗೂ ದೇಶದ ಅತಿ ದೊಡ್ಡ ನಗರಗಳಲ್ಲೊಂದರ ಟೆಂಡರುಗಳನ್ನು ಆಡಳಿತಾಧಿಕಾರಿಗಳೇ ಒಪ್ಪಿದರು. ಪ್ರಶ್ನೆ ಕೇಳಲು ಚುನಾಯಿತ ಸದಸ್ಯರಿರಲಿಲ್ಲ.

ಸಾಮಾನ್ಯ ನಾಗರಿಕರ ಪಾಲಿಗೂ ಒಂದಿಷ್ಟು ಅಧಿಕಾರವಿದೆ. ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಅಂದಾಜು ಪಟ್ಟಿ, ಸಭೆಯ ನಡವಳಿ, ಕಾರ್ಯಾದೇಶ, ಎಂ.ಬಿ. ಪುಟಗಳ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಬಹಳ ಜನ ಬಳಸದ ಒಂದು ಹಕ್ಕೂ ಅದೇ ಕಾನೂನಿನಲ್ಲಿದೆ. 2(ಜೆ) ಪ್ರಕರಣದ ಪ್ರಕಾರ ನಾಗರಿಕರು ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಿ ಪಡೆಯಬಹುದು.