ದೊಡ್ಡ ಕುಟುಂಬಕ್ಕೆ ಹಳೆಯ ಮೋಟಾರ್‌ಹೋಮ್: ನೀರಿನ ಹಾನಿ, ದುರಸ್ತಿ ಮತ್ತು ಆಯ್ಕೆ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಎಲ್ಕ್‌ಹಾರ್ಟ್ ಎಂಬ ಪಟ್ಟಣವಿದೆ. ಆ ದೇಶದಲ್ಲಿ ಮಾರಾಟವಾಗುವ ಮೋಟಾರ್‌ಹೋಮ್ ಹಾಗೂ ಎಳೆದೊಯ್ಯುವ ಕ್ಯಾಂಪರ್‌ಗಳ ಬಹುಪಾಲು ತಯಾರಾಗುವುದು ಈ ಪಟ್ಟಣದ ಮತ್ತು ಅದರ ಸುತ್ತಲಿನ ಕಾರ್ಖಾನೆಗಳಲ್ಲಿ. 2021ರಲ್ಲಿ ಉತ್ತರ ಅಮೆರಿಕದ ಕಾರ್ಖಾನೆಗಳಿಂದ ಹೊರಬಿದ್ದ ಇಂತಹ ವಾಹನಗಳ ಸಂಖ್ಯೆ ಆರು ಲಕ್ಷವನ್ನು ದಾಟಿ ದಾಖಲೆಯಾಯಿತು. 2023ರಲ್ಲಿ ಅದು ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಹೊಸ ವಾಹನದ ಬೆಲೆ ಕೈಗೆಟುಕದ ದೊಡ್ಡ ಕುಟುಂಬಗಳು ಸಹಜವಾಗಿಯೇ ಹಳೆಯ ವಾಹನಗಳ ಮಾರುಕಟ್ಟೆಗೆ ಬರುತ್ತವೆ. ಅಲ್ಲಿ ಅವರು ಕೇಳುವ ಮೊದಲ ಪ್ರಶ್ನೆ, ಇದರಲ್ಲಿ ಎಷ್ಟು ಜನ ಮಲಗಬಹುದು ಎಂಬುದು. ಕೇಳಬೇಕಾದ ಪ್ರಶ್ನೆಯೇ ಸರಿ, ಆದರೆ ಅದು ಮೊದಲನೆಯದಲ್ಲ. ಹೆಚ್ಚು ಜನರಿಗೆ ಜಾಗ ಒದಗಿಸುವ ಪ್ರತಿಯೊಂದು ಏರ್ಪಾಡೂ ಮಳೆನೀರಿಗೆ ಇನ್ನೊಂದು ಬಾಗಿಲನ್ನು ತೆರೆದಿಟ್ಟಿರುತ್ತದೆ.

ಇದು ಅರ್ಥವಾಗಬೇಕಾದರೆ ಗೋಡೆಯ ರಚನೆಯನ್ನು ತಿಳಿಯಬೇಕು. ಮರದ ಅಥವಾ ಅಲ್ಯೂಮಿನಿಯಂ ಪಟ್ಟಿಗಳ ಚೌಕಟ್ಟು, ಅದರ ನಡುವೆ ಥರ್ಮೋಕೋಲ್, ಎರಡೂ ಬದಿಗೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಪ್ಲೈವುಡ್, ಹೊರಮೈಗೆ ಅಂಟಿಸಿದ ತೆಳುವಾದ ಫೈಬರ್‌ಗ್ಲಾಸ್ ಹಾಳೆ. ಇವೆಲ್ಲವನ್ನೂ ಒತ್ತಿ ಒಂದೇ ಹಲಗೆಯಂತೆ ಮಾಡಲಾಗಿರುತ್ತದೆ. ಭಾರ ಕಡಿಮೆ, ಕೆಲಸ ಬೇಗ. ಆದರೆ ಈ ಪ್ಲೈವುಡ್ ಸಾಮಾನ್ಯವಾಗಿ ಹಡಗಿನ ದರ್ಜೆಯದಲ್ಲ. ನಮ್ಮಲ್ಲಿನ ಪ್ಲೈವುಡ್ ವರ್ತಕರಿಗೆ ಐಎಸ್ 303ರ ತೇವನಿರೋಧಕ ದರ್ಜೆಗೂ ಐಎಸ್ 710ರ ಮರೈನ್ ದರ್ಜೆಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಹಾಳೆ ಹೊಳೆಯುತ್ತಲೇ ಇರುವಾಗ ಒಳಗಿನ ಪದರಗಳು ಬಿಟ್ಟುಕೊಂಡು ಗೋಡೆಯ ಮೇಲೆ ಗುಳ್ಳೆ ಏಳುತ್ತದೆ. ಇತ್ತೀಚಿನ ಕೆಲವು ತಯಾರಕರು ಪ್ಲೈವುಡ್ಡಿಗೆ ಬದಲಾಗಿ ಅಜ್ಡೆಲ್ ಎಂಬ ಗಾಜಿನ ನಾರು ಮತ್ತು ಪಾಲಿಪ್ರೊಪಿಲೀನ್ ಸೇರಿದ ಹಾಳೆಯನ್ನು ಬಳಸುತ್ತಾರೆ. ಅದು ಕೊಳೆಯುವುದಿಲ್ಲ, ಆದರೆ ಸಮೀಪದಲ್ಲಿ ಮರದ ತುಂಡುಗಳಿದ್ದರೆ ಅವು ಕೊಳೆಯುವುದು ತಪ್ಪುವುದಿಲ್ಲ.

ನೀರು ಬರುವ ದಾರಿಗಳು

ಛಾವಣಿಯ ರಬ್ಬರ್ ಹೊದಿಕೆ ನಡುಭಾಗದಲ್ಲಿ ಹರಿಯುವುದು ಅಪರೂಪ. ಅದನ್ನು ಕತ್ತರಿಸಿ ರಂಧ್ರ ಮಾಡಿದ ಕಡೆಗಳಲ್ಲಿಯೇ ತೊಂದರೆ: ಗಾಳಿಕಿಂಡಿ, ಹವಾನಿಯಂತ್ರಕ, ಬೆಳಕಿಂಡಿ, ಆಂಟೆನಾ, ಏಣಿಯ ತಿರುಪುಗಳು. ವಾಹನ ಓಡುವಾಗ ಕವಚವೆಲ್ಲ ತುಸು ತಿರುಚಿಕೊಳ್ಳುತ್ತದೆ. ಬಿಸಿಲಿಗೆ ಒಣಗಿದ ಸೀಲೆಂಟ್ ಆಗ ಕೂದಲೆಳೆಯಷ್ಟು ಬಿರಿಯುತ್ತದೆ. ನೀರಿಗೆ ಅಷ್ಟು ಸಾಕು. ಒಳಗೆ ಕಲೆ ಕಂಡ ಜಾಗವೇ ಸೋರಿದ ಜಾಗವೆಂದು ತಿಳಿಯುವುದು ತಪ್ಪು. ಮಂಗಳೂರು ಹಂಚಿನ ಮನೆಯಲ್ಲಿ ವಾಸಿಸಿದವರೆಲ್ಲರೂ ಬಲ್ಲಂತೆ, ಹನಿ ಬೀಳುವುದು ಒಂದು ಕಡೆ, ಹಂಚು ಒಡೆದಿರುವುದು ಇನ್ನೊಂದು ಕಡೆ.

ಅಮೆರಿಕದಲ್ಲಿ ಮೋಟಾರ್‌ಹೋಮ್‌ಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಬರಿಯ ಷಾಸಿಯ ಮೇಲೆ ಬಸ್ಸಿನಂತೆ ಕಟ್ಟಿದ್ದು ಎ, ವ್ಯಾನನ್ನೇ ಮನೆಯಾಗಿ ಮಾರ್ಪಡಿಸಿದ್ದು ಬಿ, ಚಾಲಕನ ಕ್ಯಾಬಿನ್ ಉಳಿಸಿಕೊಂಡು ಅದರ ಹಿಂದೆ ಕೋಣೆ ಕಟ್ಟಿದ್ದು ಸಿ. ಮಕ್ಕಳು ಹೆಚ್ಚಿರುವವರು ಬಹುಮಟ್ಟಿಗೆ ಸಿ ವರ್ಗವನ್ನು ಬಯಸುತ್ತಾರೆ, ಏಕೆಂದರೆ ಅದರಲ್ಲಿ ಚಾಲಕನ ತಲೆಯ ಮೇಲೆ ಮುಂಚಾಚಿದ ಒಂದು ಅಟ್ಟ, ಅದರಲ್ಲೊಂದು ಅಗಲವಾದ ಹಾಸಿಗೆ ಇರುತ್ತದೆ. ದುರ್ದೈವದಿಂದ ಇಡೀ ವಾಹನದಲ್ಲಿ ಅತಿ ಹೆಚ್ಚು ಸೋರುವ ಭಾಗವೂ ಅದೇ. ಎದುರುಗಾಳಿಯೊಡನೆ ಬರುವ ಮಳೆಯು ನೇರವಾಗಿ ಅಲ್ಲಿನ ಕಿಟಕಿ, ಮೂಲೆಯ ಪಟ್ಟಿ ಮತ್ತು ಹಣೆಯ ಮೇಲಿನ ಸಣ್ಣ ದೀಪಗಳಿಗೆ ಬಡಿಯುತ್ತದೆ. ಒಳಹೊಕ್ಕ ನೀರು ಹಾಸಿಗೆಯ ಅಡಿಯ ಹಲಗೆಯಲ್ಲಿ ನಿಲ್ಲುತ್ತದೆ. ಮಕ್ಕಳನ್ನು ಮಲಗಿಸುವ ಹಲಗೆ ಕೊಳೆತಿದೆಯೋ ಇಲ್ಲವೋ ಎಂಬುದು ಕೇವಲ ಬೆಲೆಯ ಪ್ರಶ್ನೆಯಲ್ಲ. ಹೊರಕ್ಕೆ ಸರಿಯುವ ಕೋಣೆಗಳುಳ್ಳ ವಾಹನಗಳಲ್ಲಿ ಆ ಕೋಣೆಯ ಸುತ್ತಲಿನ ರಬ್ಬರ್ ಪಟ್ಟಿ ಹಾಗೂ ಅದರ ಕೆಳಗಿನ ನೆಲವನ್ನು ಇದೇ ರೀತಿ ಸಂಶಯದಿಂದ ನೋಡಬೇಕು.

ಪರೀಕ್ಷೆ

ಕೊಳ್ಳುವವರ ಕೈಯಲ್ಲಿರಬೇಕಾದ ಮುಖ್ಯ ಉಪಕರಣ ತೇವಮಾಪಕ. ಬ್ರಿಟನ್ನಿನ ಕ್ಯಾರವಾನ್ ದುರಸ್ತಿಗಾರರ ರೂಢಿಯಂತೆ ಶೇ. 15ರವರೆಗಿನ ತೇವ ಆತಂಕಕ್ಕೆ ಕಾರಣವಲ್ಲ, ಶೇ. 20ನ್ನು ಮೀರಿದರೆ ಕಾರಣ ಹುಡುಕಬೇಕು, ಶೇ. 30ರ ಮೇಲೆ ಹೋದರೆ ಚೌಕಟ್ಟಿಗೇ ಹಾನಿಯಾಗಿರುವ ಸಂಭವವಿದೆ. ಒಂದೆರಡು ಕಡೆ ಒತ್ತಿ ನೋಡಿದರೆ ಸಾಲದು. ಕಿಟಕಿಗಳ ಕೆಳಮೂಲೆ, ಅಟ್ಟದ ಒಳಮೂಲೆ, ಕಪಾಟುಗಳ ಒಳಭಾಗ, ಹಿಂಬದಿಯ ನೆಲ, ಇವೆಲ್ಲವನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು. ಕಾಲಿಟ್ಟಾಗ ಮೆತ್ತಗೆನ್ನಿಸುವ ನೆಲ, ಮುಗ್ಗಲು ವಾಸನೆ, ಒಂದು ಮೂಲೆಗೆ ಮಾತ್ರ ಹೊಸದಾಗಿ ಅಂಟಿಸಿದ ಗೋಡೆಕಾಗದ, ಇವು ಮಾಪಕವಿಲ್ಲದೆಯೂ ತಿಳಿಯುವ ಸೂಚನೆಗಳು. ಸುಗಂಧ ಸಿಂಪಡಿಸಿ ಬಾಗಿಲು ತೆರೆದಿಟ್ಟ ವಾಹನವನ್ನು ಎರಡು ಬಾರಿ ನೋಡುವುದೇ ಲೇಸು.

ಸೋರುವ ಬಿಂದುವನ್ನು ಖಚಿತವಾಗಿ ಹಿಡಿಯಲು ಕೆಲವು ಕಾರ್ಯಾಗಾರಗಳು ಒಂದು ಸರಳ ಉಪಾಯ ಮಾಡುತ್ತವೆ. ಗಾಳಿಕಿಂಡಿಗೆ ಬ್ಲೋವರ್ ಜೋಡಿಸಿ ಒಳಗೆ ಅಲ್ಪ ಒತ್ತಡ ತುಂಬಿ, ಹೊರಗಿನ ಸಂದುಗಳ ಮೇಲೆ ಸೋಪಿನ ನೀರನ್ನು ಸಿಂಪಡಿಸುತ್ತವೆ. ಗುಳ್ಳೆ ಎದ್ದ ಕಡೆ ತೂತು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ತತ್ತ್ವವೇ ಇದು.

ದುರಸ್ತಿಯ ಕ್ರಮ

ಮೊದಲು ನೀರನ್ನು ನಿಲ್ಲಿಸಬೇಕು, ನಂತರ ಬಿಚ್ಚಬೇಕು, ಆ ಮೇಲೆ ಒಣಗಿಸಬೇಕು, ಕೊನೆಯಲ್ಲಿ ಮುಚ್ಚಬೇಕು. ಈ ಕ್ರಮ ತಪ್ಪಿದಲ್ಲಿ ಖರ್ಚು ಎರಡು ಪಟ್ಟಾಗುತ್ತದೆ. ಬಿರುಕಿನ ಮೇಲೆ ಸಿಲಿಕೋನ್ ಬಳಿದು ಕೈತೊಳೆದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಒಮ್ಮೆ ಸಿಲಿಕೋನ್ ಹತ್ತಿದ ಮೇಲ್ಮೈಗೆ ಮುಂದೆ ಬೇರಾವ ಸೀಲೆಂಟೂ ಸರಿಯಾಗಿ ಅಂಟುವುದಿಲ್ಲ. ಕಿಟಕಿಯನ್ನಾಗಲಿ ಮೂಲೆಯ ಪಟ್ಟಿಯನ್ನಾಗಲಿ ಕಳಚಿ, ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದು, ಹೊಸ ಬ್ಯುಟೈಲ್ ಟೇಪಿನ ಮೇಲೆ ಮತ್ತೆ ಕೂರಿಸಬೇಕು. ಛಾವಣಿಯ ರಂಧ್ರಗಳ ಸುತ್ತ ರಬ್ಬರ್ ಹೊದಿಕೆಗೆ ಹೊಂದುವ, ತಾನೇ ಹರಡಿಕೊಳ್ಳುವ ಸೀಲೆಂಟನ್ನು ಬಳಸಬೇಕು.

ಕೊಳೆತ ಮರವನ್ನು ಬೆರಳಿಗೆ ಗಟ್ಟಿ ಸಿಗುವವರೆಗೆ ಕತ್ತರಿಸಿ, ಹೊಸ ತುಂಡನ್ನು ಎಪಾಕ್ಸಿಯಿಂದ ಬೆಸೆಯುವುದು ಬಡಗಿಯ ಕೆಲಸ. ಕಷ್ಟವಿರುವುದು ಗುಳ್ಳೆಯೆದ್ದ ಗೋಡೆಯಲ್ಲಿ. ಸೂಜಿಯಿಂದ ಅಂಟು ತುಂಬಿ ಹಲಗೆಯಿಟ್ಟು ಬಿಗಿದರೆ, ಒಳಗಿನ ಪ್ಲೈವುಡ್ ಗಟ್ಟಿಯಾಗಿದ್ದಾಗ ಮಾತ್ರ ಅದು ನಿಲ್ಲುತ್ತದೆ. ಪ್ಲೈವುಡ್ ಹಿಟ್ಟಾಗಿದ್ದರೆ ಹೊರಗಿನ ಹಾಳೆಯನ್ನೇ ಸುಲಿದು ಹೊಸದಾಗಿ ಕಟ್ಟಬೇಕಾಗುತ್ತದೆ. ಅಟ್ಟ, ಎರಡು ಮೂಲೆಗಳು ಮತ್ತು ನೆಲ ಏಕಕಾಲಕ್ಕೆ ಹಾಳಾಗಿದ್ದಲ್ಲಿ ವಾಹನವನ್ನು ಪುಕ್ಕಟೆ ಕೊಟ್ಟರೂ ಕೂಲಿಯ ಲೆಕ್ಕ ಹೊಂದುವುದು ಕಷ್ಟ. ನಿಧಾನವಾಗಿ ಸೋರಿ ಆದ ಹಾನಿಯನ್ನು ವಿಮಾ ಪಾಲಿಸಿಗಳು ಸಾಮಾನ್ಯವಾಗಿ ನಿರ್ವಹಣೆಯ ಲೋಪವೆಂದು ಹೊರಗಿಡುತ್ತವೆ ಎಂಬುದನ್ನೂ ನೆನಪಿಡಬೇಕು.

ಬೆಲ್ಟ್ ಮತ್ತು ಭಾರ

ತೇವದ ಪರೀಕ್ಷೆಯಲ್ಲಿ ಗೆದ್ದ ವಾಹನಕ್ಕೆ ಮುಂದಿನದು ಸೀಟ್ ಬೆಲ್ಟಿನ ಪರೀಕ್ಷೆ. ಎಂಟು ಜನ ಮಲಗಬಹುದಾದ ವಾಹನದಲ್ಲಿ ಬೆಲ್ಟುಳ್ಳ ಆಸನಗಳು ಐದೋ ಆರೋ ಇರುವುದುಂಟು. ಪಕ್ಕಕ್ಕೆ ಮುಖಮಾಡಿದ ಸೋಫಾದಲ್ಲಿ ಬೆಲ್ಟ್ ಇದ್ದರೂ ಮಕ್ಕಳ ಸುರಕ್ಷಾ ಆಸನವನ್ನು ಅಲ್ಲಿ ಕಟ್ಟಬಾರದು. ಆದ್ದರಿಂದ ಎಣಿಸಬೇಕಾದದ್ದು ಮುಂದಕ್ಕೆ ಮುಖಮಾಡಿದ, ಗಟ್ಟಿ ಆಧಾರಕ್ಕೆ ಬಿಗಿದ ಬೆಲ್ಟುಗಳನ್ನು.

ಮೂರನೆಯದು ಭಾರ. ಈಚಿನ ಎರಡು ದಶಕಗಳಲ್ಲಿ ತಯಾರಾದ ಅಮೆರಿಕದ ಮೋಟಾರ್‌ಹೋಮ್‌ಗಳಲ್ಲಿ ಪ್ರಯಾಣಿಕರೂ ಸಾಮಾನೂ ಸೇರಿ ಎಷ್ಟು ಭಾರ ಹೊರಬಹುದೆಂಬ ಚೀಟಿಯನ್ನು ಅಂಟಿಸಿರುತ್ತಾರೆ. ಅದರಲ್ಲಿ 900 ಕಿಲೋ ಎಂದಿದೆಯೆಂದು ಭಾವಿಸಿದರೆ, 70 ಕಿಲೋ ತೂಕದ ನಾಲ್ವರು ಹಿರಿಯರು, 35 ಕಿಲೋ ತೂಕದ ನಾಲ್ವರು ಮಕ್ಕಳು ಸೇರಿ 420 ಕಿಲೋ ಆಗುತ್ತದೆ. ತೊಟ್ಟಿಯಲ್ಲಿ ತುಂಬಿದ 150 ಲೀಟರ್ ನೀರು ಅಷ್ಟೇ ಕಿಲೋ. ಉಳಿಯುವುದು 330 ಕಿಲೋ. ಬಟ್ಟೆ, ಪಾತ್ರೆ, ದಿನಸಿ, ಸೈಕಲ್ಲು, ಹಿಂದಿನ ಮಾಲೀಕರು ಜೋಡಿಸಿದ ಹೆಚ್ಚುವರಿ ಬ್ಯಾಟರಿ ಎಲ್ಲವೂ ಅದರೊಳಗೇ ಆಗಬೇಕು. ತೇವ ಹೀರಿದ ಗೋಡೆಯ ಭಾರವನ್ನು ಯಾವ ಚೀಟಿಯೂ ತೋರಿಸುವುದಿಲ್ಲ. ಬ್ರಿಟನ್ನಿನಲ್ಲಿ ಇನ್ನೊಂದು ತೊಡಕಿದೆ: 1997ರ ಜನವರಿ 1ರ ನಂತರ ಕಾರಿನ ಚಾಲನಾ ಪರೀಕ್ಷೆ ಪಾಸಾದವರು ಸಾಮಾನ್ಯವಾಗಿ 3,500 ಕಿಲೋವರೆಗಿನ ವಾಹನವನ್ನಷ್ಟೇ ಓಡಿಸಬಹುದು; ಅದನ್ನು ಮೀರಿದ ಮೋಟಾರ್‌ಹೋಮಿಗೆ ಸಿ1 ದರ್ಜೆಯ ಪರವಾನಗಿ ಬೇಕು.

ಭಾರತದಲ್ಲಿ ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವಿದ್ದು, ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆಯನ್ನು ಆರಂಭಿಸಿತು. ಇಂತಹ ಕವಚಗಳನ್ನು ಕಟ್ಟಲು ಮುಂದಾಗುವ ನಮ್ಮ ಸಣ್ಣ ಘಟಕಗಳು ಒಳಾಂಗಣದ ಅಲಂಕಾರಕ್ಕಿಂತ ಮೊದಲು ಕರಾವಳಿಯ ಮುಂಗಾರಿಗೆ ತಡೆದುಕೊಳ್ಳುವ ಸಂದುಗಳನ್ನು ಯೋಚಿಸಬೇಕಾಗುತ್ತದೆ; ಛಾವಣಿಗೆ ಕೊರೆಯದೆ ಬಿಟ್ಟ ಪ್ರತಿಯೊಂದು ರಂಧ್ರವೂ ಗ್ಯಾರಂಟಿ ಅವಧಿಯಲ್ಲಿ ಉಳಿದ ಹಣವೇ.